ಒಂದು ಚೊಂಬು ನೀರಿನ ಉಸಿರು

ನೀವು ನಂಬುವುದಿಲ್ಲ, ಗೊತ್ತು. ನಮ್ಮ ಮನೆಯಲ್ಲೇ ಯಾರೂ ನಂಬುವುದಿಲ್ಲ. ಇಡ್ಲಿ ಅಂಗಡಿ ಮಾಮನ ಎಡಗಿವಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಹರೆಯದಲ್ಲಿ ಕಬಡ್ಡಿ ಆಡುವಾಗ ಆರು ಜನ ಒಟ್ಟಿಗೆ ಮೇಲೆ ಬಿದ್ದು ಆದದ್ದು ಎಂದು ಅವರು ಹೇಳುತ್ತಿದ್ದರು. ನಾನು ಹೇಳುವಾಗ ಹನ್ನೆರಡು ಜನ ಮತ್ತು ಒಂದು ಎತ್ತು.

ಅಂಗಡಿ ಇದ್ದದ್ದು ತಮಿಳುನಾಡಿನ ಕಂಬಂ ಊರಾಚೆ, ಆಟದ ಬಯಲಿನ ಪಕ್ಕ. ಪಂದ್ಯಕ್ಕೆ ಬಂದ ತಂಡಗಳೆಲ್ಲ ಅಲ್ಲೇ ತಿನ್ನುತ್ತಿದ್ದವು. ಮಾಮ ಮಾತ್ರ ಆಟ ನೋಡಲು ಬರುತ್ತಲೇ ಇರಲಿಲ್ಲ; ಆಟಗಾರರು ನೀರು ಕುಡಿಯುವುದನ್ನು ನೋಡುತ್ತಿದ್ದರು. ನಮ್ಮ ಕಡೆ ಚೊಂಬಿಗೆ ಬಾಯಿ ತಾಗಿಸುವಂತಿಲ್ಲ. ಬಲಗೈ ಎಂಜಲು, ಎಡಗೈಯಲ್ಲೇ ಚೊಂಬು ಎತ್ತಿ ಗಂಟಲಿಗೆ ಸುರಿದುಕೊಳ್ಳಬೇಕು. ಉಸಿರು ಎಳೆಯದೆ ಆಟಗಾರ ಎಷ್ಟು ಹೊತ್ತು ಸುರಿದುಕೊಳ್ಳುತ್ತಾನೋ ಅಷ್ಟು ಹೊತ್ತು ಎದುರಾಳಿಯ ಅಂಗಳದಲ್ಲಿ ಕಬಡ್ಡಿ ಹೇಳುತ್ತಾನೆ ಎಂಬುದು ಅವರ ಅಳತೆ.

“ಮೀಸೆ ಸುಳ್ಳು ಹೇಳ್ತೈತೆ, ತೊಡೆ ಸುಳ್ಳು ಹೇಳ್ತೈತೆ. ನೀರು ಸುಳ್ಳು ಹೇಳಾಕಿಲ್ಲ ಡಾ ತಂಬಿ,” ಎನ್ನುತ್ತಿದ್ದರು.

ಕಳೆದ ವರ್ಷ ನಮ್ಮ ಗುಂಪಿನಲ್ಲಿ ನಾಲ್ಕು ತಂಡ. ಮುಂದಿನ ಸುತ್ತಿಗೆ ದಿಂಡಿಗಲ್‌ಗೆ ಹೋಗುವುದು ಒಂದೇ. ಪೆರಿಯಕುಳಂನವರು ಬಂದರು. ಮಾವಿನ ತೋಟದ ಹುಡುಗರು, ಮೈ ಮಿರಮಿರ ಮಿಂಚುತ್ತಿತ್ತು. ಕುಡಿದ ನೀರಿನಲ್ಲಿ ಅರ್ಧ ಅಂಗಿಗೆ. “ಅವಸರದೋರು. ಗೆರೆ ದಾಟಿ ತಾವೇ ಸಿಕ್ಕಾಕ್ಕೊಳ್ತಾರೆ,” ಎಂದರು ಮಾಮ. ಬತ್ತಲಗುಂಡಿನವರು ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಕುತ್ತಿಗೆಯೇ ಇಲ್ಲ, ತಲೆ ನೇರ ಭುಜದ ಮೇಲೆ. ಆದರೆ ಒಂದು ಚೊಂಬಿಗೆ ಎರಡು ಸಲ ನಿಲ್ಲಿಸಿ ಏದುಸಿರು. “ಮೊದಲರ್ಧ ಹುಲಿ, ಆಮೇಲೆ ಎಮ್ಮೆ.” ಎರಡೂ ಹಾಗೆಯೇ ಆಯಿತು. ಉಳಿದದ್ದು ನಾವು ಮತ್ತು ಆಂಡಿಪಟ್ಟಿ.

ಆಂಡಿಪಟ್ಟಿಯ ಒಬ್ಬ ಇದ್ದ. ಅವನು ಬೆಂಚಿನ ಮೇಲೆ ಕುಳಿತಾಗ ಇನ್ನೊಂದು ತುದಿಯಲ್ಲಿದ್ದ ಮೂವರು ಮೇಲಕ್ಕೆದ್ದರು. ಸರಿ, ಇಬ್ಬರು. ಚೊಂಬು ಎತ್ತಿದ, ಸುರಿದ, ಇಟ್ಟ. ಒಂದು ಹನಿ ಚೆಲ್ಲಲಿಲ್ಲ, ಒಂದು ಉಸಿರು ಎಳೆಯಲಿಲ್ಲ. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ನಕ್ಕ. ನಾನು ಎಡಗೈಯನ್ನು ಬೆಂಚಿನ ಕೆಳಗೆ ಸರಿಸಿದೆ.

ಈಗ ನಿಜ ಹೇಳುತ್ತೇನೆ. ಪಂದ್ಯಕ್ಕೆ ತಿಂಗಳ ಮೊದಲು ತೆಂಗಿನ ಮರದಿಂದ ಬಿದ್ದು ನನ್ನ ಎಡಭುಜದ ಮೂಳೆ ಬಿರುಕು ಬಿಟ್ಟಿತ್ತು. ಯಾರಾದರೂ ಎಳೆದರೆ ಕೈ ಮತ್ತೆ ಸರಿಯಾಗುವುದಿಲ್ಲ ಎಂದು ತೇನಿಯ ಡಾಕ್ಟರು ಹೇಳಿದ್ದರು. ನಾನು ತಂಡದವರಿಗೆ, ಎಲ್ಲ ವಾಸಿಯಾಯಿತು, ಆಂಡಿಪಟ್ಟಿಯನ್ನು ಒಬ್ಬನೇ ನುಂಗುತ್ತೇನೆ ಎಂದಿದ್ದೆ. ಅವ್ವನಿಗೆ ಟ್ಯೂಷನ್ ಎಂದಿದ್ದೆ.

ಗಂಟಲು ಒಣಗಿತ್ತು. ಎಡಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಯಾರೂ ನೋಡುತ್ತಿಲ್ಲ ಅಂದುಕೊಂಡು ಬಗ್ಗಿ ಚೊಂಬಿಗೇ ಬಾಯಿ ಹಾಕಿಬಿಟ್ಟೆ.

“ಥೂ, ಎಂಜಲು!” ಎಂದ ನಮ್ಮ ನಾಯಕ.

ಮಾಮ ಬಂದು ಚೊಂಬು ತೆಗೆದುಕೊಂಡರು. “ಅದು ಕೈ ತೊಳೆಯೋ ಚೊಂಬು, ನಾನೇ ತಪ್ಪಾಗಿ ಇಟ್ಟೆ,” ಎಂದು ಅವನಿಗೆ ಹೇಳಿ, ನನ್ನ ಪಕ್ಕ ಕುಕ್ಕರಿಸಿದರು. ಆಂಡಿಪಟ್ಟಿಯವರಿಗೆ ತಿಳಿಯದಿರಲೆಂದು ತಮಿಳು ಬಿಟ್ಟು ನಮ್ಮ ಮನೆಮಾತು ಕನ್ನಡದಲ್ಲೇ ಪಿಸುಗುಟ್ಟಿದರು.

“ಎಡಗೈ ಎತ್ತು, ನೋಡಾಣ.”

“ಹಲ್ಲು ನೋವು ಮಾಮ, ಅದ್ಕೇ...”

“ಹಲ್ಲು ಕಂಕುಳಾಗೆ ಐತಾ?”

ನನಗೆ ನಗು ಬರಲಿಲ್ಲ. “ಅವ್ವಂಗೆ ಹೇಳ್ಬ್ಯಾಡ ಮಾಮ. ಈಗ ಬಿಟ್ರೆ ಎಲ್ಲಾರೂ ಹೇಡಿ ಅಂತಾರೆ.”

ಅವರು ಸುರುಟಿದ ಕಿವಿಯನ್ನು ಸವರಿಕೊಂಡರು. “ನಂಗೂ ಹಂಗೇ ಅಂತಿದ್ರು. ಅದ್ಕೇ ನೋವಾಗೂ ಆಡ್ದೆ, ಈ ಕಿವಿ ಕೇಳಾಕಿಲ್ಲ ಈಗ.” ಕಿವಿ ಸುರುಟಿದ್ದಷ್ಟೇ ನನಗೆ ಗೊತ್ತಿತ್ತು; ಕೇಳಿಸುವುದಿಲ್ಲ ಎಂಬುದು ಅವತ್ತೇ ಗೊತ್ತಾಯಿತು. ಇಷ್ಟು ವರ್ಷ ಅವರು ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿಯೇ ಮಾತಾಡಿಸುತ್ತಿದ್ದರು.

ನಾನು ಅಂಗಳಕ್ಕೆ ಹೊರಟೆ. ಹಿಂದೆ ಅಂಗಡಿಯ ತಟ್ಟಿ ಬಾಗಿಲು ಮುಚ್ಚಿದ ಸದ್ದು. ಪಂದ್ಯದ ದಿನ ಆ ಬಾಗಿಲು ಮುಚ್ಚಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಮುಕ್ಕಾಲು ಆಟ ಬೇರೆಯವರನ್ನೇ ಮುಂದೆ ತಳ್ಳಿ ಕಳೆದೆ. ಕೊನೆಗೆ ಎರಡು ಅಂಕ ಬೇಕಾದಾಗ ನಾಯಕ ನನ್ನ ಬೆನ್ನಿಗೆ ಗುದ್ದಿದ. “ಹೋಗು ಡಾ, ನುಂಗು!”

ಗೆರೆ ದಾಟಿದೆ. ಕಬಡ್ಡಿ, ಕಬಡ್ಡಿ. ದನಿ ನನ್ನದೇ ಆದರೂ ಯಾವುದೋ ಮೇಕೆಮರಿಯದರಂತೆ ಕೇಳಿಸಿತು. ಆ ಆಂಡಿಪಟ್ಟಿಯವನು ಓಡಲಿಲ್ಲ, ನಡೆದು ಬಂದ. ನೇರವಾಗಿ ನನ್ನ ಎಡಗೈ ಕಡೆಗೆ. ಅವನೂ ನಾನು ನೀರು ಕುಡಿದದ್ದನ್ನು ನೋಡಿದ್ದ! ಮಣಿಕಟ್ಟಿನ ಮೇಲೆ ಅವನ ಬೆರಳು ಬಿದ್ದವು. ಕಣ್ಣು ಮುಚ್ಚಿಕೊಂಡೆ.

ಕಿರ್ ಎಂದು ಸೈಕಲ್ ಬ್ರೇಕು. ಹಿಟ್ಟಿನ ಕಲೆಯ ಲುಂಗಿಯ ಮಾಮ, ಕ್ಯಾರಿಯರ್ ಮೇಲೆ ಅವ್ವ.

ಆ ಪಂದ್ಯ ಯಾರು ಗೆದ್ದರೆಂದು ಕೇಳಬೇಡಿ, ಮಾಮನ ನೀರಿನ ಅಳತೆ ಹೇಳಿದ ಆಂಡಿಪಟ್ಟಿಯವರೇ. ಹೋದ ತಿಂಗಳು ಮಾಮ ತೀರಿಕೊಂಡರು. ಕೊನೆಗೆ ಅವರ ಬಾಯಿಗೆ ನೀರು ಬಿಡಲು ನನ್ನನ್ನೂ ಕರೆದರು. ಎಡಗೈಯಲ್ಲೇ ಚೊಂಬು ಎತ್ತಿ, ಬಲಗೈ ಬೊಗಸೆಗೆ ಸುರಿದುಕೊಂಡು ಹನಿ ಹನಿಯಾಗಿ ಬಿಟ್ಟೆ. ಕೈ ನೋಯಲಿಲ್ಲ.

ಆ ಪಂದ್ಯದ ದಿನ ಮಾತ್ರ ಅವ್ವ ಚಪ್ಪಲಿ ಹಾಕಿಕೊಂಡೇ ಗೆರೆ ದಾಟಿ ಅಂಗಳದೊಳಗೆ ಬಂದಳು. ಆಂಡಿಪಟ್ಟಿಯವನು ಬೆಂಕಿ ಮುಟ್ಟಿದವನಂತೆ ನನ್ನ ಕೈ ಬಿಟ್ಟ. ಅವ್ವ ನನ್ನ ಎಡಗಿವಿ ಹಿಡಿದಳು.