ಎರಡು ಬೆರಳಿನ ಕ್ಲಚ್ಚು

ಆ ರಸ್ತೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಎರಡ್ಬೆರಳು’ ಎಂದು. ಕೈಯಲ್ಲಿ ಐದಕ್ಕೈದು ಬೆರಳೂ ನೆಟ್ಟಗೇ ಇದ್ದವು ಬಿಡಿ. ಮೂವತ್ತು ವರ್ಷದಿಂದ ಹಳೆಯ ಮೋಟಾರ್ ಸೈಕಲ್ಲುಗಳನ್ನೇ ರಿಪೇರಿ ಮಾಡಿಕೊಂಡು ಬಂದ ಈ ಮೆಕ್ಯಾನಿಕ್ಕು, ಕೆಲಸ ಮುಗಿದ ಪ್ರತಿ ಗಾಡಿಯ ಕ್ಲಚ್ಚನ್ನೂ ತೋರುಬೆರಳು, ನಡುಬೆರಳು ಎರಡರಲ್ಲೇ ಒತ್ತಿ ನೋಡುತ್ತಿದ್ದ. ಮೂರನೆಯ ಬೆರಳು ಬೇಕೆನ್ನಿಸಿದರೆ ಗಾಡಿ ಅಂಗಡಿ ಬಿಟ್ಟು ಕದಲುವಂತಿರಲಿಲ್ಲ. “ಮುಷ್ಟಿ ಹಾಕಿ ಒತ್ತೋದಾದ್ರೆ ಕುಸ್ತಿಗೆ ಹೋಗಿ, ಗಾಡಿ ಯಾಕೆ ಓಡಿಸ್ತೀರಾ?” ಎಂದು ಗಿರಾಕಿಗಳನ್ನೇ ಗದರುತ್ತಿದ್ದ. ಬಾಯಿ ಒರಟು, ಆದರೆ ಗಾಡಿಯ ವಿಷಯದಲ್ಲಿ ಸುಳ್ಳು ಹೇಳುವವನಲ್ಲ ಎಂದು ಹೆಸರಾಗಿದ್ದ. ಆ ಹೆಸರನ್ನು ಯಾರಾದರೂ ಈಗ ಎತ್ತಿದರೆ ಅವನು ತಲೆ ತಗ್ಗಿಸಿ ಪಾನಾ ಹುಡುಕತೊಡಗುತ್ತಾನೆ.

ಅವನ ಹಳೆಯ ಗಿರಾಕಿಗಳಲ್ಲಿ ಒಬ್ಬರು ಮೀಟರ್ ರೀಡರ್. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬರುವ ಕೆಲಸ. ದಿನಕ್ಕೆ ಇನ್ನೂರು ಕಡೆ ನಿಲ್ಲಬೇಕು, ಇನ್ನೂರು ಸಲ ಕ್ಲಚ್ಚು ಒತ್ತಿ ಗೇರು ಹಾಕಿ ಹೊರಡಬೇಕು. ಇದ್ದವಳು ಒಬ್ಬಳೇ ಮಗಳಾದರೂ, ಇಪ್ಪತ್ತೆರಡು ವರ್ಷದ ಆ ಗಾಡಿಯನ್ನು ಅವರು “ನನ್ನ ಚಿಕ್ಕ ಮಗಳು” ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ತಂದೆ ಮಗಳು ಇಬ್ಬರೇ.

ಅವರು ಮೊದಲ ಸಲ ಬಂದು “ಕ್ಲಚ್ಚು ಬಿಗಿ ಮೇಸ್ತ್ರಿ” ಎಂದಾಗ ಅದರಲ್ಲಿ ಸ್ವಲ್ಪ ನಿಜವಿತ್ತು. ಕೇಬಲ್ಲಿನ ಎರಡು ಎಳೆ ಕಿತ್ತುಹೋಗಿದ್ದವು. ಹೊಸದು ಹಾಕಿ, ಎಣ್ಣೆ ಬಿಟ್ಟು, ಲಿವರ್ ಬುಡದಲ್ಲಿ ಒಂದು ನಾಣ್ಯ ತೂರುವಷ್ಟು ಸಡಿಲ ಇಟ್ಟು ಕಳಿಸಿದ.

ಹದಿನೈದು ದಿನಕ್ಕೆ ಮತ್ತೆ ಬಂದರು. “ಇನ್ನೂ ಬಿಗಿ.”

ಎರಡು ಬೆರಳಿಟ್ಟು ಒತ್ತಿದ. ಬೆಣ್ಣೆ. ಒಂದೇ ಬೆರಳಲ್ಲಿ ಒತ್ತಿದ. ಆಗಲೂ ಬಂತು. ತಲೆ ಎತ್ತಿ ನೋಡಿದರೆ ಮೀಟರ್ ರೀಡರ್ ತಮ್ಮ ಎಡಗೈಯನ್ನು ಬಲಗೈಯಿಂದ ನೀವಿಕೊಳ್ಳುತ್ತಿದ್ದರು.

“ಕೈ ಏನಾದ್ರೂ ನೋವಾ ಸಾರ್?”

ಅವರ ಮುಖ ಒಮ್ಮೆಲೇ ಸಪ್ಪಗಾಯಿತು. “ನನ್ನ ಕೈಗೇನಾಗಿದೆ? ಯಾಕೆ ಹಾಗೆ ಕೇಳಿದ್ರಿ?” ಎಂದರು. ಐವತ್ತಾರು ವರ್ಷದ ಆ ಮನುಷ್ಯ ಶಾಲೆಯಲ್ಲಿ ನಿಂತ ಹುಡುಗನ ಹಾಗೆ ಹೆದರಿದ್ದನ್ನು ನೋಡಲು ಮೆಕ್ಯಾನಿಕ್ಕಿಗೆ ಆಗಲಿಲ್ಲ.

“ಏನಿಲ್ಲ ಬಿಡಿ. ಈ ಕೇಬಲ್ಲು ಕಂಪನೀದಲ್ಲ, ಹಿಡೀತಿದೆ. ಒಂದು ಗಂಟೆ ಬಿಟ್ಟು ಬನ್ನಿ” ಎಂದುಬಿಟ್ಟ.

ಅಷ್ಟೇ. ಮೂವತ್ತು ವರ್ಷ ಕಾಪಾಡಿಕೊಂಡದ್ದು ಒಂದು ಉಸಿರಿನಲ್ಲಿ ಹೋಯಿತು. ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಕೆಲಸವನ್ನೂ ಮಾಡಬೇಕಲ್ಲ? ಕ್ಲಚ್ಚು ಬಿಚ್ಚಿದ. ಪ್ಲೇಟುಗಳನ್ನು ಒತ್ತಿಹಿಡಿಯುವ ನಾಲ್ಕು ಗಟ್ಟಿ ಸ್ಪ್ರಿಂಗು ತೆಗೆದು, ಚಿಕ್ಕ ಗಾಡಿಯ ಮೆತ್ತನೆಯ ಸ್ಪ್ರಿಂಗು ಹಾಕಿದ. ಮೀಟರ್ ರೀಡರ್ ಬಂದು ಒತ್ತಿ ನೋಡಿ, “ಆಹಾ! ನಿಮ್ಮಂಥ ಮೇಸ್ತ್ರಿ ಎಲ್ಲಿ ಹುಡುಕಿದ್ರೂ ಸಿಗಲ್ಲ” ಎಂದು ಬೆನ್ನು ತಟ್ಟಿದರು. ಆವತ್ತು ಅವನ ಕಾಲು ನೆಲದ ಮೇಲಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಕರುಣೆಯಿಂದ ಮಾಡಿದೆ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡನೋ! ಹೊಗಳಿಕೆ ಸಿಹಿಯಾಗಿತ್ತು ಎಂಬುದೂ ಅಷ್ಟೇ ನಿಜ.

ನಾಲ್ಕು ತಿಂಗಳಾದ ಮೇಲೆ ಗೇರಿನ ತಕರಾರು ಬಂತು. ಒಂದರಿಂದ ಎರಡಕ್ಕೆ ಹೋಗದೆ ನಡುವೆ ನ್ಯೂಟ್ರಲ್ಲಿನಲ್ಲಿ ನಿಂತುಬಿಡುತ್ತದೆ ಎಂದರು. ಮೆಕ್ಯಾನಿಕ್ಕು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತ ಗೇರು ಹಾಕಿ ನೋಡಿದ. ಎಂಜಿನ್ ಆಯಿಲ್ ಬದಲಾಯಿಸಿದ. ಪಕ್ಕದ ಮುಚ್ಚಳ ಬಿಚ್ಚಿದ. ರಸ್ತೆಯ ಕೊನೆಯವರೆಗೆ ಓಡಿಸಿಕೊಂಡು ಬಂದ. ನಾಲ್ಕೂ ಗೇರು ಟಕ್ ಟಕ್ ಎಂದು ಬಿದ್ದವು. ಗಾಡಿ ಇಳಿದಾಗ ಅವನ ಕಣ್ಣು ಮೀಟರ್ ರೀಡರ ಎಡಗಾಲಿನ ಶೂ ಮೇಲೆ ಬಿತ್ತು. ಗೇರು ಲಿವರನ್ನು ಎತ್ತಿ ಎತ್ತಿ ಅದರ ಮೇಲ್ಭಾಗ ಸವೆದಿರಬೇಕಿತ್ತು. ಅಲ್ಲಿ ಪಾಲಿಶ್ ಹಾಗೇ ಮಿರುಗುತ್ತಿತ್ತು. ಸವೆದು ಹರಿದಿದ್ದದ್ದು ತುದಿಯ ಅಟ್ಟೆ, ನೆಲಕ್ಕೆ ತಿಕ್ಕಿ ತಿಕ್ಕಿ. ಪಾದದ ಮುಂಭಾಗ ಮೇಲಕ್ಕೆ ಏಳುತ್ತಿರಲಿಲ್ಲ.

ಕೈಯೂ ಹೋಗುತ್ತಿದೆ, ಕಾಲೂ ಹೋಗುತ್ತಿದೆ. ಆವತ್ತಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಗೇರು ಲಿವರಿಗೆ ಹಿಂದೊಂದು ಕಂಬಿ ಬೆಸೆದು ಕೊಟ್ಟ. “ಇನ್ಮೇಲೆ ಎತ್ತೋ ಗೊಡವೇನೇ ಬೇಡ ಸಾರ್, ಹಿಮ್ಮಡೀಲಿ ತುಳಿದ್ರೆ ಸಾಕು.” ಅವರು ಮತ್ತೆ ಹೊಗಳಿದರು. ಆ ಸಲ ಸಿಹಿಯೆನ್ನಿಸಲಿಲ್ಲ.

ಮೆತ್ತನೆಯ ಸ್ಪ್ರಿಂಗು ತನ್ನ ಬುದ್ಧಿ ತೋರಿಸದೆ ಬಿಡುತ್ತದೆಯೇ? ಇನ್ನೂ ಆರು ತಿಂಗಳಿಗೆ ಪ್ಲೇಟುಗಳು ಜಾರತೊಡಗಿದವು. ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಎಂದು ಮೀಟರ್ ರೀಡರ್ ಗಾಡಿ ಬಿಟ್ಟು ಹೋದರು. ಆ ವಾರವೇ ಮನೆಯ ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದು ಆಸ್ಪತ್ರೆ ಸೇರಿದರು.

ಸುದ್ದಿ ತಂದವಳು ಮಗಳು. ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದಳು. ಪೆಟ್ಟು ದೊಡ್ಡದಲ್ಲ, ಆದರೆ ಕತ್ತಿನ ಮೂಳೆ ನರವನ್ನು ಒತ್ತುತ್ತಿದೆಯಂತೆ. “ಬಿದ್ದ ಮೇಲೆ ಶುರುವಾಗಿದ್ರೆ ಪಟ್ಟಿ ಹಾಕಿ ಸ್ವಲ್ಪ ದಿನ ನೋಡಬಹುದಂತೆ. ಮುಂಚಿನಿಂದ ಇದ್ದು ಜಾಸ್ತಿಯಾಗ್ತಾ ಬಂದಿದ್ರೆ ಕಾಯೋ ಹಾಗೇ ಇಲ್ವಂತೆ, ತಕ್ಷಣ ಆಪರೇಷನ್ನು. ಅಪ್ಪ ಬಿದ್ದ ಮೇಲೇನೇ ಅಂತಾರೆ. ಮಾಮಾ, ನೀವು ಅವರನ್ನ ನೋಡ್ತಾನೇ ಇದ್ರಲ್ಲ. ಕೈಯೋ ಕಾಲೋ, ಏನಾದ್ರೂ ಹೇಳಿದ್ರಾ?”

“ನನಗೇನು ಹೇಳ್ತಾರಮ್ಮಾ? ಗಾಡೀದೇ ತೊಂದರೆ ಇತ್ತು” ಎಂದ ಎರಡ್ಬೆರಳು.

ಹುಡುಗಿಯ ಮುಖ ಹಗುರಾಯಿತು. “ಸದ್ಯ!” ಎಂದು ಹೋದಳು.

ಮಧ್ಯಾಹ್ನ ಊಟ ಸೇರಲಿಲ್ಲ. ಕೈಗೆ ಕೆಲಸವಾದರೂ ಇರಲಿ ಎಂದು ಮೀಟರ್ ರೀಡರ ಗಾಡಿಯ ಸೀಟು ಎತ್ತಿದ. ಮಾಡಿದ ಕೆಲಸದ ತಾರೀಕನ್ನು ಕಾಗದದ ಚೀಟಿಯಲ್ಲಿ ಬರೆದು ಸೀಟಿನಡಿ ಅಂಟಿಸುವುದು ಅವನ ಹಳೆಯ ರೂಢಿ. ಒಂದರ ಕೆಳಗೊಂದು ಮೂರು ಚೀಟಿ ಇದ್ದವು. ಕೇಬಲ್ಲು. ಸ್ಪ್ರಿಂಗು. ಗೇರು ಲಿವರ್. ಮೊದಲ ಚೀಟಿಗೆ ಹತ್ತು ತಿಂಗಳು ತುಂಬಿತ್ತು. ಬರೆದವನು ತಾನೇ, ಅಕ್ಷರ ತನ್ನದೇ. ಇನ್ಯಾರ ತಲೆಗೆ ಕಟ್ಟುವುದು? ಮೂರನ್ನೂ ಹರಿಯದ ಹಾಗೆ ಬಿಡಿಸಿ ಜೇಬಿಗಿಟ್ಟುಕೊಂಡು ಅಂಗಡಿಯ ಶಟರ್ ಎಳೆದ.

ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಮಂಚದ ಮೇಲೆ ಮೀಟರ್ ರೀಡರ್ ಕೂತಿದ್ದರು. ಮಗಳು ಕಿತ್ತಳೆ ಸುಲಿಯುತ್ತಿದ್ದಳು. ಎರಡ್ಬೆರಳು ಕೂರಲಿಲ್ಲ. ಚೀಟಿಗಳನ್ನು ಹೊದಿಕೆಯ ಮೇಲೆ ಸಾಲಾಗಿಟ್ಟು, ಎಲ್ಲವನ್ನೂ ಹೇಳಿದ. ಗಾಡಿ ಸರಿಯಾಗಿಯೇ ಇತ್ತು ಎಂದ. ಬೆಳಿಗ್ಗೆ ಹೇಳಿದ್ದು ಸುಳ್ಳು ಎಂದ. “ನನ್ನಿಂದ ತಪ್ಪಾಯ್ತು ಸಾರ್” ಎಂದ.

“ನೀವು ಯಾವಾಗಿಂದ ಡಾಕ್ಟರಾದ್ರಿ?” ಮೀಟರ್ ರೀಡರ್ ಸಿಡುಕಿದರು. “ಗಾಡಿ ವಿಷಯ ಗಾಡೀಲಿರಲಿ.”

ಮಗಳು ಚೀಟಿಗಳನ್ನು ಒಂದೊಂದಾಗಿ ಓದಿದಳು. “ಹತ್ತು ತಿಂಗಳು” ಎಂದಳು. “ಒಂದೇ ಮನೇಲಿದ್ದು ನನಗೆ ಕಾಣಿಸ್ಲಿಲ್ಲ. ನಿಮಗೆ ಕಾಣಿಸಿತ್ತು.” ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಏನೂ ಆಗಿಲ್ಲ ನನಗೆ! ಬೇಕಾದ್ರೆ ನೋಡಿ” ಎಂದು ತಂದೆ ಎಡಗೈ ಚಾಚಿದರು.

ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗದ ತನ್ನ ಎರಡು ಬೆರಳನ್ನು ಮೆಕ್ಯಾನಿಕ್ಕು ಆ ಅಂಗೈಯಲ್ಲಿಟ್ಟ. “ಒತ್ತಿ ಸಾರ್.”

ಮೀಟರ್ ರೀಡರ್ ಕೆಳತುಟಿ ಕಚ್ಚಿದರು. ಹಣೆಯ ನರ ಉಬ್ಬಿತು. ಬೆರಳಿಗೆ ತಾಕಿದ್ದು ಅಂಗೈಯ ಬಿಸಿ ಮಾತ್ರ.

“ಹೇಗಿದೆ ಮೇಸ್ತ್ರಿ?” ಅಂಗಡಿಯಲ್ಲಿ ಪ್ರತಿ ಸಲ ಕೇಳುತ್ತಿದ್ದಂತೆಯೇ, ಅದೇ ಆಸೆಯಿಂದ ಕೇಳಿದರು.

ಬೆಣ್ಣೆ ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎರಡ್ಬೆರಳು ಅದನ್ನು ನುಂಗಿಕೊಂಡ.

“ನೀವು ಒತ್ತಿದ್ದು ನನಗೆ ಗೊತ್ತೇ ಆಗ್ಲಿಲ್ಲ ಸಾರ್.”

ಮೀಟರ್ ರೀಡರ್ ತಮ್ಮ ಕೈಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮಗಳ ಕಡೆ ತಿರುಗದೆ, “ಡಾಕ್ಟರನ್ನ ಕರಿಯಮ್ಮಾ” ಎಂದರು.

ಅವಳು ಚೀಟಿಗಳನ್ನು ಎತ್ತಿಕೊಂಡು ಓಡಿದಳು. ಮೀಟರ್ ರೀಡರ ಆ ಮುಷ್ಟಿಯಿಂದ ಬೆರಳು ಬಿಡಿಸಿಕೊಳ್ಳಲು ಯಾವ ಬಲವೂ ಬೇಕಿರಲಿಲ್ಲ. ಅವಳು ಬರುವವರೆಗೂ ಮೆಕ್ಯಾನಿಕ್ಕು ಬೆರಳು ತೆಗೆಯಲಿಲ್ಲ.