ಸೂಜಿದಾರಕ್ಕೆ ಎಷ್ಟು ದೀರ್ಘ

ಮುದ್ರಣಾಲಯದಲ್ಲಿ ಕರಡು ತಿದ್ದುವ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕೆಲ್ಲ ಕಡೆ ಅವರು ದೀರ್ಘಣ್ಣ. ಯಾರಾದರೂ ‘ಊಟ’ವನ್ನು ‘ಉಟ’ ಎಂದು ಬರೆದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಗಡಿ ಬೋರ್ಡುಗಳ ತಪ್ಪು ಹುಡುಕುತ್ತ ನಡೆದು ದೀಪದ ಕಂಬಕ್ಕೆ ಹಣೆ ಕೊಟ್ಟವರು. ಮದುವೆಯಾದ ಹೊಸದರಲ್ಲಿ ಹೆಂಡತಿ ಬರೆದ ಪ್ರೀತಿಯ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಟ್ಟಿದ್ದರು. ಆಕೆ ಅದನ್ನು ಮರೆತಿಲ್ಲ. ಮತ್ತೆ ಬರೆದೂ ಇಲ್ಲ.

ಆ ಹೆಂಡತಿಯೇ ಈಗ ಆನ್‌ಲೈನಿನಲ್ಲಿ ಕಸೂತಿ ಕಲಿಸಲು ಹೊರಟಿದ್ದರು. ಶನಿವಾರ ಸಂಜೆ ಐದಕ್ಕೆ ಮೊದಲ ಪಾಠ. ಬೆಳಿಗ್ಗೆ ತಾಲೀಮು ಮಾಡೋಣವೆಂದು ತಂಗಿಗೆ ವಿಡಿಯೊ ಕರೆ ಮಾಡಿದರೆ, “ಮೊದಲು ಸೂಜಿಗೆ” ಎನ್ನುವಷ್ಟರಲ್ಲಿ ಪರದೆಯ ಮೇಲೆ ಆಕೆಯ ಮುಖ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು. ತಂಗಿ ಆ ಚಿತ್ರವನ್ನು ಉಳಿಸಿಕೊಂಡು ನೆಂಟರಿಷ್ಟರಿಗೆಲ್ಲ ಕಳಿಸಿದಳು.

“ನಮ್ಮ ವೈಫೈಗೆ ಬೀಗಾನೇ ಇಲ್ವಂತೆ ಕಣ್ರೀ,” ಎಂದರು ಹೆಂಡತಿ. “ಬೀದೀಲಿ ಹೋಗೋರೆಲ್ಲ ನಮ್ಮದ್ರಲ್ಲೇ ಸಿನಿಮಾ ನೋಡ್ತಿದಾರಂತೆ. ಐದು ಗಂಟೆಯೊಳಗೆ ಅದಕ್ಕೊಂದು ಪಾಸ್‌ವರ್ಡ್ ಹಾಕಿ. ಶಿಷ್ಯರ ಮುಂದೆ ನಾನು ಬಾಯಿ ಬಿಟ್ಕೊಂಡು ನಿಲ್ಲೋ ಹಾಗಾದ್ರೆ ಅವರು ನಾಳೆಯಿಂದ ಬರಲ್ಲ.”

“ಅದೆಷ್ಟರ ಕೆಲಸ,” ಎಂದರು ದೀರ್ಘಣ್ಣ. ಗೊತ್ತಿಲ್ಲದ ಕೆಲಸಕ್ಕೆ ನಮ್ಮಂಥ ಗಂಡಸರು ಹೇಳುವುದೇ ಹೀಗೆ.

ಊಟ ಮುಗಿಸಿ ಕನ್ನಡಕ ಒರೆಸಿಕೊಂಡು ಕೂತರು. ಎದುರಿನ ಕುರ್ಚಿಯಲ್ಲಿ, ಕಾಲು ನೋವಿನ ನೆಪದಲ್ಲಿ ಬಂದು ಇಲ್ಲೇ ನೆಲೆಸಿದ್ದ ಅವರ ಅಕ್ಕ. ಫೋನಿನಲ್ಲಿ ಹೇಗೋ ವೈಫೈ ಪೆಟ್ಟಿಗೆಯ ಸೆಟ್ಟಿಂಗಿನ ಪುಟ ತೆರೆಯಿತು. ‘ಭದ್ರತೆ ಆರಿಸಿ’ ಎಂದಿತ್ತು. ಕೆಳಗೆ ಡಬ್ಲ್ಯೂಇಪಿ, ಡಬ್ಲ್ಯೂಪಿಎ ಎಂದು ಒಂದಕ್ಕೊಂದು ಅಂಟಿಕೊಂಡ ಅಕ್ಷರಗಳು. ಅಚ್ಚುತಪ್ಪಿರಬಹುದೆಂದು ದೀರ್ಘಣ್ಣ ಇನ್ನೊಮ್ಮೆ ಓದಿದರು. ತಪ್ಪೋ ಸರಿಯೋ ಹೇಳಲಾಗದ ಪದವನ್ನು ಅವರು ಕಂಡದ್ದು ಅದೇ ಮೊದಲು. ಅವುಗಳ ನಡುವೆ ಅರ್ಥವಾಗುವ ಮಾತು ಎರಡೇ ಇದ್ದವು. ಒಂದು ಪರ್ಸನಲ್, ಇನ್ನೊಂದು ಎಂಟರ್‌ಪ್ರೈಸ್.

“ಪರ್ಸನಲ್ ಅಂದ್ರೆ ನನಗೊಬ್ಬನಿಗೇ ಆಗುತ್ತೆ,” ಎಂದು ಅವರು ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳುವಂತೆ ಗಟ್ಟಿಯಾಗಿ ಯೋಚಿಸಿದರು. “ನಿನಗೂ ಬೇಕು, ಅಕ್ಕನಿಗೂ ಬೇಕು. ಸಾಲದ್ದಕ್ಕೆ ನಿನ್ನದು ಉದ್ಯೋಗ. ಎಂಟರ್‌ಪ್ರೈಸೇ ಸರಿ.”

ಅದನ್ನು ಒತ್ತಿದ್ದೇ ತಡ, ಪೆಟ್ಟಿಗೆ ಸರ್ವರಿನ ವಿಳಾಸ ಕೇಳಿತು.

“ಸರ್ವರ್ ಅಂದ್ರೆ ಹೋಟೆಲಲ್ಲಿ ಬಡಿಸೋನಲ್ವೇನೋ?” ಎಂದರು ಅಕ್ಕ. “ಅವನ ಮನೆ ವಿಳಾಸ ಇದಕ್ಕ್ಯಾಕೆ?”

“ರೇಡಿಯಸ್ ಸರ್ವರ್ ಅಂತಿದೆ. ರೇಡಿಯಸ್ ಅಂದ್ರೆ ತ್ರಿಜ್ಯ.”

“ಗಣಿತದಲ್ಲಿ ಡುಮ್ಕಿ ಹೊಡ್ದೋನು ನೀನು. ಅದರ ಸಹವಾಸ ಬೇಡ, ಈಚೆ ಬಾ.”

ದೀರ್ಘಣ್ಣ ಈಚೆ ಬಂದು, ಮನಸ್ಸಿಲ್ಲದ ಮನಸ್ಸಿನಿಂದ ಪರ್ಸನಲ್ ಒತ್ತಿದರು. ಪಾಸ್‌ವರ್ಡ್ ಕೇಳಿತು.

“ಸೂಜಿದಾರ ಅಂತಿಡಿ,” ಅಡುಗೆಮನೆಯಿಂದ ಹೆಂಡತಿ ಕೂಗಿದರು. “ಮರೆಯೋ ಮಾತೇ ಇಲ್ಲ.”

ಮರೆಯುವ ಮಾತಿರಲಿಲ್ಲ, ನಿಜ. ಆದರೆ ಪೆಟ್ಟಿಗೆಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ರುಚಿಸುತ್ತಿರಲಿಲ್ಲ. ‘ಸೂ’ ದೀರ್ಘ, ಅದಕ್ಕೆ ಎರಡು ಓ ಹಾಕುವುದೋ ಎರಡು ಯು ಹಾಕುವುದೋ? ‘ದಾ’ ದೀರ್ಘ, ಎರಡು ಎ ಬೇಕು. ಹಾಕಿದರು. ಹಾಕಿದ ಮೇಲೆ ಬೆರಳು ತಡೆಯಿತು. ಒಂದೇ ಅಕ್ಷರ ಎರಡು ಸಲ ಬಿದ್ದರೆ ಹೊಡೆದು ಹಾಕುವುದು ಅವರ ಇಡೀ ಜೀವಮಾನದ ಕೆಲಸ. ಒಂದನ್ನು ಅಳಿಸಿದರು. ಛೆ, ದೀರ್ಘ ಹೋಯಿತಲ್ಲ ಎಂದು ಮತ್ತೆ ಸೇರಿಸಿದರು. ಸೇರಿಸಿದರೋ, ಸೇರಿಸಬೇಕೆಂದುಕೊಂಡರೋ ನೋಡೋಣವೆಂದರೆ ಪರದೆಯ ಮೇಲೆ ಬರೀ ಕಪ್ಪು ಚುಕ್ಕೆಗಳು. ತಾನು ಬರೆದದ್ದನ್ನು ತಾನೇ ಓದಲಾಗದ ಅವಸ್ಥೆ ಯಾವ ಕರಡು ತಿದ್ದುವವನಿಗೂ ಬಾರದಿರಲಿ. ಪಕ್ಕದಲ್ಲೊಂದು ಪುಟ್ಟ ಕಣ್ಣಿನ ಚಿತ್ರವಿತ್ತು. ಅದನ್ನು ಒತ್ತಿದರೆ ಹೊರಗಿನವರು ಯಾರೋ ನೋಡಿಯಾರೆಂದು ಅವರು ಅದರ ತಂಟೆಗೆ ಹೋಗಲಿಲ್ಲ. ‘ಉಳಿಸಿ’ ಒತ್ತಿದರು.

ಮನೆಯ ಫೋನುಗಳೆಲ್ಲ ಒಟ್ಟಿಗೆ ಸುಮ್ಮನಾದವು.

ಹೆಂಡತಿ ಕೈ ಒರೆಸಿಕೊಂಡು ಬಂದು ತಮ್ಮ ಫೋನಿನಲ್ಲಿ ಸೂಜಿದಾರ ಹೊಡೆದರು. ಪಾಸ್‌ವರ್ಡ್ ತಪ್ಪು ಎಂದಿತು. ಎರಡು ಓ ಹಾಕಿ ನೋಡಿದರು, ತಪ್ಪು. ಓ ತೆಗೆದು ಯು, ತಪ್ಪು. ಅಕ್ಕ ತಮ್ಮ ಫೋನಿನಲ್ಲಿ ತಾವೂ ಒಂದು ಕೈ ನೋಡಿದರು. ಅವರದು ಸೂಜಿ ಹೋಗಿ ಸಜ್ಜೆಯೋ ಏನೋ ಆಗಿತ್ತು.

“ನೀವು ಏನಂತ ಹಾಕಿದ್ರಿ, ಅದನ್ನ ಹೇಳಿ ಸಾಕು,” ಎಂದರು ಹೆಂಡತಿ.

“ಸೂಜಿದಾರ.”

“ಅದು ಗೊತ್ತು. ಎ ಒಂದಾ ಎರಡಾ?”

ದೀರ್ಘಣ್ಣ ಬೆರಳು ಮಡಿಸಿ ಎಣಿಸಿದರು. “ಮೊದಲು ಎರಡಿತ್ತು. ಆಮೇಲೆ ಒಂದಾಯ್ತು. ಆಮೇಲೆ...”

“ಆಮೇಲೆ?”

“ಆಮೇಲೆ ಚುಕ್ಕೆ.”

“ಊರೋರ ಕಾಗುಣಿತವೆಲ್ಲ ತಿದ್ದಿ ತಿದ್ದಿ,” ಎಂದು ಅಕ್ಕ ಶುರುಮಾಡುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಬಸ್ ಡ್ರೈವರ್, ಬನಿಯನ್ನಿನಲ್ಲೇ ಬಂದಿದ್ದ.

“ಏನಣ್ಣಾ, ನಿಮ್ಮನೆ ನೆಟ್ ಹೋಗಿದೆಯಾ? ಹೀರೋ ಬೆಟ್ಟದ ತುದೀಲಿ ನೇತಾಡ್ತಾ ನಿಂತುಬಿಟ್ಟಿದಾನೆ.”

ದೀರ್ಘಣ್ಣನಿಗೆ ಒಂದು ಕ್ಷಣ ತಮ್ಮದೇ ತಪ್ಪೆನಿಸಿತು. ಕ್ಷಮಿಸಿ ಎನ್ನಲು ಬಾಯಿ ತೆರೆದು, ಯಾಕೆ ಎಂದು ತಿಳಿಯದೆ ಮುಚ್ಚಿದರು.

“ಬೀದೀಲಿ ಹೋಗೋರು ಅನ್ಕೊಂಡಿದ್ದೆ,” ಎಂದರು ಹೆಂಡತಿ. “ಗೋಡೆ ಪಕ್ಕದಲ್ಲೇ ಇದಾರೆ. ಅಣ್ಣಾ, ನಮ್ಮ ನೆಟ್ಟಿಗೆ ಬೀಗ ಹಾಕಿದೀವಿ. ಐದಕ್ಕೆ ನಂದು ಕ್ಲಾಸಿದೆ.”

“ಅದಕ್ಕೇ ತಾನೇ ಅಕ್ಕಾ ನಾನೂ ಬಂದಿದ್ದು. ನಮ್ಮನೆಯವಳು ಅದೇ ಕ್ಲಾಸಿಗೆ ಸೇರಿದಾಳಲ್ಲ. ನಿಮ್ಮ ನೆಟ್ ಇಲ್ದೆ ನಿಮ್ಮ ಪಾಠ ಹೇಗೆ ಕೇಳ್ತಾಳೆ?”

“ಇಲ್ಲೇ ಬಂದು ಪಕ್ಕದಲ್ಲಿ ಕೂರಲಿ.”

“ಆನ್‌ಲೈನ್ ಅಂದಿದ್ರಿ. ಸೀರೆಗೆ ಮ್ಯಾಚ್ ಆಗ್ಲಿ ಅಂತ ಹಿಂದಿನ ಪರದೆ ಬೇರೆ ಬದಲಾಯಿಸಿದಾಳೆ.”

ಗೋಡೆಯ ಗಡಿಯಾರ ನಾಲ್ಕೂವರೆ ದಾಟಿತ್ತು. ಹೆಂಡತಿ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಮತ್ತೆ ಕಲಸಿ, ಮತ್ತೆ ಜೋಡಿಸುತ್ತಿದ್ದರು. ಅದನ್ನು ಕಂಡ ದೀರ್ಘಣ್ಣ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿದರು. ಹಿಂಬದಿಯಲ್ಲಿ ಒಂದು ಸಣ್ಣ ತೂತು, ಅದರ ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ರೀಸೆಟ್’.

ಮಧ್ಯಾಹ್ನದಿಂದ ಇಷ್ಟು ಹೊತ್ತಿನ ತನಕ ಅವರಿಗೆ ಪೂರ್ತಿ ಅರ್ಥವಾದ ಪದ ಅದೊಂದೇ. ಅವರ ಮುದ್ರಣಾಲಯದಲ್ಲಿ ತಿದ್ದಿ ತಿದ್ದಿ ಪುಟ ಕೆಟ್ಟು ಕೆರ ಹಿಡಿದಾಗ, ಅಂಚಿನಲ್ಲಿ ಬರೆಯುತ್ತಿದ್ದುದು ಅದನ್ನೇ: ರೀಸೆಟ್, ಎಲ್ಲ ಬಿಚ್ಚಿ ಮೊದಲಿನಿಂದ ಜೋಡಿಸು.

“ಒಂದು ಸೂಜಿ ಕೊಡು,” ಎಂದರು.

ಹೆಂಡತಿ ಅನುಮಾನದಿಂದಲೇ ಕೊಟ್ಟರು. ತೂತಿಗೆ ಚುಚ್ಚಿ ಹಿಡಿದಾಗ ಪೆಟ್ಟಿಗೆಯ ದೀಪಗಳೆಲ್ಲ ಆರಿ, ಒಂದೊಂದಾಗಿ ಹತ್ತಿಕೊಂಡವು. ಪೆಟ್ಟಿಗೆ ಮನೆಗೆ ಬಂದ ದಿನ ಹೇಗಿತ್ತೋ ಹಾಗಾಯಿತು: ಬೀಗವಿಲ್ಲ, ಬಾಗಿಲು ಹಾರುಹೊಡೆದಿದೆ. ಫೋನುಗಳು ಟಿಣ್ ಎಂದವು. ಪಕ್ಕದ ಮನೆಯ ಸಿನಿಮಾದಲ್ಲಿ ಯಾರೋ ಬೆಟ್ಟದಿಂದ ಬಿದ್ದ ಸದ್ದು ಕೇಳಿತು.

“ಈಗ ಅದನ್ನ ಮುಟ್ಟಬೇಡಿ,” ಎಂದರು ಹೆಂಡತಿ ಗಂಡನಿಗೆ. ಡ್ರೈವರನ ಕಡೆ ತಿರುಗಿ, “ಕ್ಲಾಸ್ ಮುಗಿಯೋವರೆಗೂ ಸಿನಿಮಾ ಬೇಡ ಅಣ್ಣಾ.”

“ಹೀರೋ ಬಿದ್ದಾಯ್ತಲ್ಲ ಅಕ್ಕಾ, ಇನ್ನೇನಿದೆ ನೋಡೋದು,” ಎಂದು ಅವನು ಹೋದ.

ಪಾಠ ಸುಸೂತ್ರವಾಗಿ ನಡೆಯಿತು. ದೀರ್ಘಣ್ಣ ಬಾಗಿಲ ಸಂದಿಯಿಂದ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಅದು ಒಮ್ಮೆಯೂ ನಿಲ್ಲಲಿಲ್ಲ. ಒಂದು ಹೊಲಿಗೆಯ ಕಡೆಯಲ್ಲಿ ಆಕೆ ನಕ್ಕದ್ದು ಪರದೆಯಲ್ಲೂ ನಗುವಾಗಿಯೇ ಬಂತು. ಗೋಡೆಯಾಚೆಯಿಂದ ಡ್ರೈವರನ ಹೆಂಡತಿ ಕೇಳಿದ ಪ್ರಶ್ನೆ ಮೊದಲು ಗೋಡೆಯಿಂದ, ಆಮೇಲೆ ಫೋನಿನಿಂದ, ಎರಡು ಸಲ ಕೇಳಿಸಿತು.

ಪಾಠವಾದ ಮೇಲೆ ಬೀಗ ಹಾಕಲು ಹೆಂಡತಿಯೇ ಕೂತರು. ಮೊದಲು ಆ ಕಣ್ಣನ್ನು ಒತ್ತಿದರು. ಸೂಜಿದಾರ ಎಂದು ಬರೆಯುತ್ತ ಹೋದಂತೆ ಚುಕ್ಕೆಗಳ ಜಾಗದಲ್ಲಿ ಅಕ್ಷರಗಳು ಮೂಡಿದವು. ಸೂ ಹೋಗಿ ಸು, ದಾ ಹೋಗಿ ದ. ಒಂದೇ ಒಂದು ದೀರ್ಘವಿಲ್ಲ. ದೀರ್ಘಣ್ಣನ ತೋರುಬೆರಳು ತಾನಾಗಿಯೇ ಪರದೆಯ ಕಡೆ ಎದ್ದಿತು.

“ಕೆಂಪು ಶಾಯಿ ತರ್ಲಾ?” ಎಂದರು ಹೆಂಡತಿ, ತಲೆ ಎತ್ತದೆ.

ಬೆರಳು ಜೇಬು ಸೇರಿತು. “ಚೆನ್ನಾಗಿದೆ. ಹಾಗೇ ಇರಲಿ,” ಎಂದರು.

ಪಕ್ಕದ ಮನೆಗೆ ಹೋಗಿ, ಡ್ರೈವರನ ಹೆಂಡತಿಗೆ ಅಕ್ಷರ ಅಕ್ಷರವಾಗಿ ಹೇಳಿ ಬರುವ ಕೆಲಸವೂ ಅವರಿಗೇ ಬಂತು. “ದೀರ್ಘ ಎಲ್ಲೂ ಇಲ್ಲಮ್ಮ,” ಎಂದು ಅವರು ಹೇಳಿದಾಗ ಆಕೆ ನಂಬದೆ ಇನ್ನೊಮ್ಮೆ ಕೇಳಿ ಬರೆದುಕೊಂಡಳು. ವಾಪಸು ಬರುವಾಗ ದೀರ್ಘಣ್ಣ ಮೆಟ್ಟಿಲ ಮೇಲೆ ನಿಂತರು. ಮನೆಮಂದಿಗೆಲ್ಲ ಗೊತ್ತು, ಪಕ್ಕದ ಮನೆಗೂ ಗೊತ್ತು. ಕ್ಲಾಸಿನ ಹೊತ್ತಿನ ಸಿನಿಮಾ ಒಂದು ಬಿಟ್ಟು ಮಿಕ್ಕೆಲ್ಲಕ್ಕೂ ಒಪ್ಪಿಗೆಯಿದೆ. ಹಾಗಾದರೆ ಆ ಪೆಟ್ಟಿಗೆ ಇದನ್ನು ಪರ್ಸನಲ್ ಎಂದು ಯಾಕೆ ಕರೆಯುತ್ತದೆ? ಅಚ್ಚುತಪ್ಪೇ ಇರಬೇಕು ಎನಿಸಿತು. ಆದರೆ ಯಾರಿಗೆ ಹೇಳಿ ತಿದ್ದಿಸುವುದು ಎಂದು ಮಾತ್ರ ಗೊತ್ತಾಗಲಿಲ್ಲ.