ಸಕಾರದ ಸಿಳ್ಳೆ

ಮಧ್ಯಾಹ್ನ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದು ಹೆಡ್‌ಫೋನ್ ಕಿವಿಗೇರಿಸಿದ ಸೆಟ್ ಮಾಸ್ಟರ್, ತಾನೇ ಮಾಡಿದ ರೆಕಾರ್ಡಿಂಗಿನ ಎರಡು ಮಾತು ಕೇಳುವಷ್ಟರಲ್ಲಿ ಅದನ್ನು ಕಿತ್ತು ಮೇಜಿನ ಮೇಲೆಸೆದ. ಬಿಚ್ಚಿಟ್ಟಿದ್ದ ಊಟದ ಡಬ್ಬಿಯ ಮುಚ್ಚಳ ಹಾಕಿದ.

ಅವನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಸೆಟ್ ಮಾಸ್ಟರ್ ಎಂಬ ಹೆಸರು ಗಿರಾಕಿಗಳು ಇಟ್ಟದ್ದು. ಊರವರ ಬಾಯಿಯ ಅಚ್ಚುಗಳೆಲ್ಲ ಕಪಾಟಿನಲ್ಲಿ ಹಲ್ಲು ಗಿಂಜುತ್ತ ಕೂತಿದ್ದರೆ, ಅವುಗಳ ಪಕ್ಕದಲ್ಲೇ ಉಂಡು ಅಲ್ಲೇ ಒಂದು ಕೋಳಿನಿದ್ದೆ ತೆಗೆಯುವ ಆಸಾಮಿ. ಬಾಯಿ ಎಂದರೆ ಹೇಸುವವನಲ್ಲ. ಆದರೆ ಹೆಡ್‌ಫೋನಿನೊಳಗಿನ ಬಾಯಿಯೇ ಬೇರೆ. ಎಂಜಲು ಅಂಟಿ ಬಿಡುವ ಪಚಪಚ, ನುಂಗುವ ಗುಳಕ್ಕು, ಮೂಗಿನ ಸೊರಸೊರ. ಯಾರೋ ತನ್ನ ಕಿವಿಯೊಳಗೇ ಎಲೆ ಹಾಕಿಕೊಂಡು ಉಣ್ಣುತ್ತಿದ್ದ ಹಾಗಿತ್ತು. ಥೂ!

ಪಾಡ್‌ಕಾಸ್ಟಿನ ಹುಚ್ಚು ಹತ್ತಿದ್ದು ಗಿರಾಕಿಗಳಿಂದ. ಬಂದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು, ಕೆಮ್ಮಿದರೆ ಬಿದ್ದುಹೋಗುತ್ತದೆಯೇ, ಮುತ್ತು ಕೊಟ್ಟರೆ ಗೊತ್ತಾಗುತ್ತದೆಯೇ ಎಂದು ಅವೇ ಪ್ರಶ್ನೆ ಪಿಸುಗುಟ್ಟುತ್ತಿದ್ದರು. ಒಮ್ಮೆ ಹೇಳಿಟ್ಟರೆ ಮನೆಯಲ್ಲೇ ಕೇಳಿಕೊಳ್ಳಲಿ, ಅವರ ಮಾನವೂ ಉಳಿದೀತು, ಅಂಗಡಿಗೂ ನಾಲ್ಕು ಜನ ಬಂದಾರು ಎಂದುಕೊಂಡ. ‘ಬಾಯಿ ಬಿಡಿ’ ಎಂದು ಹೆಸರಿಟ್ಟ. ಕಾಲರಿಗೆ ಸಿಕ್ಕಿಸುವ ಮೈಕು ತಂದ. ಮಾತು ಗೋಡೆಗೆ ಬಡಿದು ಗುಂಯ್‌ಗುಡದಿರಲೆಂದು ಮಲಗುವ ಹಾಸಿಗೆಯನ್ನೇ ಎತ್ತಿ ತಂದು ಅಂಗಡಿಯ ಗೋಡೆಗೊರಗಿಸಿದ. ಮೊದಲ ಅತಿಥಿಯಾಗಿ ಹೆಂಡತಿಯ ಅಪ್ಪನನ್ನು ಕೂರಿಸಿದ. ಮಾವ ಬಸ್ ಕಂಡಕ್ಟರ್ ಆಗಿದ್ದವರು, ಮಾತಿನ ಮಲ್ಲ. ಮೇಲಾಗಿ ಅವರ ಬಾಯಲ್ಲಿದ್ದದ್ದು ಅಳಿಯನೇ ಮಾಡಿಕೊಟ್ಟ ಸೆಟ್ಟು.

ಸಂಜೆ ಮನೆಯಲ್ಲಿ ಹೆಂಡತಿಯೂ ಆ ರೆಕಾರ್ಡಿಂಗ್ ಕೇಳಿ ಮುಖ ಹಿಂಡಿದಳು. “ರೀ, ಮೈಕನ್ನ ಅಪ್ಪನ ಗಲ್ಲಕ್ಕೇ ಚುಚ್ಚಿದ್ರಾ? ಒಂದು ಗೇಣು ಕೆಳಗೆ ಹಾಕ್ಬಾರ್ದಿತ್ತಾ?”

“ಅಷ್ಟು ತಿಳಿದೋಳು ಆವಾಗ್ಲೇ ಹೇಳ್ಬೇಕಿತ್ತು.”

“ನನ್ನ ಹಾಸಿಗೆ ಕಿತ್ಕೊಂಡು ಹೋದೋರ ಹತ್ರ ನಂಗೇನು ಮಾತು?”

ಅವನು ಫೋನಿನಲ್ಲಿ ಪಚಪಚ, ಗುಳಕ್ಕುಗಳನ್ನೆಲ್ಲ ಹೇನು ಹೆಕ್ಕಿದಂತೆ ಹೆಕ್ಕಿ ತೆಗೆದ. ತೆಗೆದ ಮೇಲೆ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿತು. ಮಾವ ‘ಸ’ ಅಂದಲ್ಲೆಲ್ಲ ಸುಯ್ ಎಂಬ ಸಿಳ್ಳೆ, ನಡುನಡುವೆ ಹಲ್ಲಿಗೆ ಹಲ್ಲು ಬಡಿದು ಟಕ್. ಬಸ್ಸು, ಸ್ಟಾಪು, ಸೀಟು: ಕಂಡಕ್ಟರ ಬಾಯಲ್ಲಿ ಸಕಾರಕ್ಕೆ ಬರವೇ? “ಸ್ವಂತ ಹಲ್ಲಿಗಿಂತ ಸೊಗಸು ನಮ್ಮ ಅಳಿಯಂದ್ರ ಸೆಟ್ಟು” ಎಂಬ ಹೊಗಳಿಕೆಯಂತೂ ಪೂರ್ತಿ ಕುಕ್ಕರಿನಂತೆ ಕೂಗಿತ್ತು.

ಆ ಸದ್ದಿನ ಜಾತಕ ಅವನಿಗೆ ಗೊತ್ತು. ಮುಂದಿನ ಹಲ್ಲು ಕೂರಿಸಿದ್ದು ತಪ್ಪಿದರೆ ಸಿಳ್ಳೆ, ಸೆಟ್ಟಿನ ಎತ್ತರ ಹೆಚ್ಚಾದರೆ ಟಕ್. ಅದಕ್ಕೇ ಹಲ್ಲುಗಳು ಇನ್ನೂ ಮೇಣದಲ್ಲಿದ್ದು ತಿದ್ದಲು ಬರುವಾಗಲೇ ಪ್ರತಿ ಗಿರಾಕಿಯ ಕೈಲೂ “ಸೊಸೆ ಸಾಸಿವೆ ಸೋಸಿದಳು” ಎಂದು ಹೇಳಿಸುತ್ತಿದ್ದ. ಮಾವನ ಕೈಲಿ ಮಾತ್ರ ಹೇಳಿಸಿರಲಿಲ್ಲ. ಹೆಣ್ಣು ಕೊಟ್ಟ ಹಿರಿಯರನ್ನು ಬಾಯಿ ತೆರೆಸಿ, ಒಂದನೇ ಕ್ಲಾಸಿನ ಮಗುವಿನಂತೆ ಸೊಸೆ ಸಾಸಿವೆ ಅನ್ನಿಸುವುದು ಹೇಗೆ ಎಂಬ ಸಂಕೋಚ. ಈಗ ಊರಿಡೀ ಕೇಳಿದರೆ ಅಂಗಡಿಗೆ ಬೀಗವೇ ಗತಿ.

“ಹೊಗಳಿದ ಭಾಗ ಕತ್ತರಿಸಿಬಿಡ್ಲಾ?” ಎಂದ.

“ಕತ್ತರಿಸಿ. ಅಪ್ಪ ಆ ಹಲ್ಲು ಹಾಕ್ಕೊಳ್ಳೋದೇ ನೀವು ಬಂದಾಗ.”

“ಏನಂದೆ?”

“ನೀವು ಗೇಟು ತೆಗೆದ ಸದ್ದಾದ್ರೆ ಸಾಕು, ಓಡಿಹೋಗಿ ಲೋಟದಿಂದ ತೆಗೆದು ಬಾಯಿಗೆ ತುರುಕ್ಕೋತಾರೆ. ನೀವು ಹೊರಟ್ರೆ ಮತ್ತೆ ಲೋಟಕ್ಕೆ. ವಸಡೆಲ್ಲ ಹುಣ್ಣು.”

“ಯಾರೂ ನಂಗೆ ಹೇಳ್ಲಿಲ್ವಲ್ಲೇ!”

“ಅಳಿಯನಿಗೆ ಬೇಜಾರಾಗ್ಬಾರ್ದಂತೆ. ನಂಗೂ ಆಣೆ ಹಾಕಿಸಿದ್ರು.”

ಲೋಟ, ಹುಣ್ಣು, ಅದರ ಮೇಲೊಂದು ಆಣೆ. ಎಂಜಲಿನ ಸದ್ದಿಗೆ ಬಂದ ವಾಕರಿಕೆ ಇದರ ಮುಂದೆ ಏನೂ ಅಲ್ಲವೆನಿಸಿತು. ಈ ಬಾರಿ ಹೇಸಿಗೆಯಾದದ್ದು ಆ ಸೆಟ್ಟು ಮಾಡಿದ ತನ್ನ ಕೈಗಳ ಮೇಲೇ. ಮಾವನಿಗೆ ಫೋನ್ ಹಚ್ಚಿದ.

“ಹಲೋ, ಯಾಉ?” ಎಂದಿತು ಬೊಚ್ಚುಬಾಯಿ.

“ನಾನು, ಮಾವ.”

“ಒಂದ್ನಿಮಿಶ ಇಯಿ.” ಫೋನು ಕೆಳಗಿಟ್ಟ ಸದ್ದು. ನೀರು ತುಳುಕಿತು. ಟಕ್. “ಸಮಾಚಾರ ಏನು ಅಳಿಯಂದ್ರೇ?” ಸಿಳ್ಳೆ ಕಿವಿಗೆ ಬಡಿಯಿತು.

ಫೋನಿಗೂ ಹಲ್ಲು ಹಾಕಿಕೊಂಡಿದ್ದರು.

“ತೆಗೀರಿ ಮಾವ, ಅದನ್ನ.”

“ಯಾವ್ದನ್ನ?”

“ಹಲ್ಲು ಮಾವ. ನನ್ನ ಹಲ್ಲು. ನಾಳೆಯಿಂದ ಹಾಕ್ಕೋಬೇಡಿ. ಹುಣ್ಣು ಮಾಯಲಿ.”

“ಆ ನನ್ಮಗಳು ಬಾಯಿಬಿಟ್ಲಾ?” ಎಂದರು. ಆಮೇಲೆ, “ಹಾಗಾದ್ರೆ ನನ್ನ ಪ್ರೋಗ್ರಾಮು?”

“ಬರೋದಿಲ್ಲ.”

“ಎಲ್ಲರಿಗೂ ಹೇಳ್ಕೊಂಡು ಬಂದಿದೀನಲ್ರೀ!”

ಅವನು ಆ ರೆಕಾರ್ಡಿಂಗನ್ನು ಪೂರ್ತಿ ಅಳಿಸಿದ. ವಸಡು ವಾಸಿಯಾದ ಮೇಲೆ ಹೊಸ ಅಚ್ಚು ತೆಗೆಯಬೇಕು, ಸೆಟ್ಟು ಕೈಗೆ ಬರಲು ತಿಂಗಳಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ಮಾವ ಮೆತ್ತಗಿನ ಊಟ ಮಾಡಿಕೊಂಡಿರುತ್ತಾರೆ, ಪಾಡ್‌ಕಾಸ್ಟ್ ಶುರುವಾಗುವುದಿಲ್ಲ.